ಶಾಲೆಯ ಸಮಾಚಾರ ಮನೆಗೆ ಮುಟ್ಟಿದ ಬಗೆ

ಮಗುವು ಮನೆಯ ಹೊಸಿಲನ್ನು ದಾಟಿ ಶಾಲೆಯ ಹೊಸಿಲನ್ನು ತುಳಿದೊಡನೆ ಅದರ ಬಾಳು ಎರಡು ಪಾಲಾಗುವುದು. ಹಗಲಿನ ಬಹುಭಾಗದಲ್ಲಿ ಅದು ಏನನ್ನು ಕಲಿಯಿತು, ಯಾರೊಡನೆ ಕೂಡಿತು, ಹೊಗಳಿಸಿಕೊಂಡಿತೋ ಹೊಡೆಸಿಕೊಂಡಿತೋ ಎಂಬುದು ಹೆತ್ತವರ ಕಣ್ಣಿಗೆ ಬೀಳದು. ಈ ಸಮಾಚಾರವನ್ನು ಮನೆಗೆ ಮುಟ್ಟಿಸುವುದು ಶಾಲೆಯ ಕರ್ತವ್ಯವೆಂದು ಇಂದು ಎಲ್ಲರೂ ಒಪ್ಪಿರುವರು. ಆದರೆ ಶಾಲೆಯು ತನ್ನ ಲೆಕ್ಕವನ್ನು ಯಾರಿಗೆ ಒಪ್ಪಿಸತಕ್ಕದ್ದು ಎಂಬ ಪ್ರಶ್ನೆಗೆ ನಮ್ಮ ನಾಡು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಅವನ್ನು ಕ್ರಮವಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಾಚೀನವಾದ ಗುರುಕುಲದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಅಲ್ಲಿ ಶಿಷ್ಯನು ಅಂತೇವಾಸಿ. ಎಂದರೆ ಗುರುವಿನ ಬಳಿಯಲ್ಲಿಯೇ ವಾಸಿಸುವವನು. ತಂದೆಯು ಮಗನನ್ನು ಒಪ್ಪಿಸಿ ಬಂದಮೇಲೆ, ಸಮಾವರ್ತನವಾಗಿ ಅವನು ಮನೆಗೆ ಹಿಂದಿರುಗುವವರೆಗೂ ಸುಮ್ಮನಿರಬೇಕಾಗಿದ್ದಿತು. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಬರುವ ಶ್ವೇತಕೇತುವಿನ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಹನ್ನೆರಡನೆಯ ವಯಸ್ಸಿನಲ್ಲಿ ಹೊರಟ ಹುಡುಗನು ಇಪ್ಪತ್ತುನಾಲ್ಕನೆಯ ವಯಸ್ಸಿನಲ್ಲಿ ಸಕಲ ವೇದಗಳನ್ನೂ ಓದಿ, ಗರ್ವದಿಂದ ಬೀಗಿ ಮನೆಗೆ ಬಂದನು. ತಂದೆಯಾದ ಉದ್ದಾಲಕನು ಒಂದೇ ಪ್ರಶ್ನೆಯನ್ನು ಕೇಳಿದನು, ಮಗನಲ್ಲಿ ಉತ್ತರವಿರಲಿಲ್ಲ. ಉಳಿದ ಪಾಠವನ್ನು ತಂದೆಯೇ ಹೇಳಬೇಕಾಯಿತು. ತಂದೆಯು ಜ್ಞಾನಿಯಾಗಿದ್ದುದರಿಂದ ಹನ್ನೆರಡು ವರ್ಷಗಳ ಮೇಲೆ ಬಂದ ಸಮಾಚಾರವೂ ಅಲ್ಲಿ ಪ್ರಯೋಜನಕ್ಕೆ ಬಂದಿತು. ಉಳುವವನ ಮನೆಗೂ ನೇಯುವವನ ಮನೆಗೂ ಅಷ್ಟು ತಡೆಯುವ ಅನುಕೂಲವೆಲ್ಲಿಯದು? ಅವರ ಮಕ್ಕಳು ಕಲಿತುದು ಊರೊಳಗಣ ಮಠಗಳಲ್ಲಿ.

ಈ ಊರ ಮಠಗಳ ಸ್ಥಿತಿಯನ್ನು ತಿಳಿಯಲು ಒಂದು ಒಳ್ಳೆಯ ಆಧಾರವು ದೊರೆಯುತ್ತದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಎಂಬಾತನು 1822ರಲ್ಲಿ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿರುವ ಶಾಲೆಗಳನ್ನೂ ಅಲ್ಲಿ ಓದುವವರನ್ನೂ ಎಣಿಸಿ ಪಟ್ಟಿ ಕಳುಹಿಸಬೇಕೆಂದು ಆಜ್ಞೆ ಮಾಡಿದನು. ಕನ್ನಡ ಜಿಲ್ಲೆಯ ಕಲೆಕ್ಟರನು, ತನ್ನ ಸೀಮೆಯಲ್ಲಿ ವಿದ್ಯೆಯು ಬಹುಮಟ್ಟಿಗೆ ಮನೆಗಳಲ್ಲಿಯೇ ನಡೆಯುವುದರಿಂದ ಪಟ್ಟಿಯು ನಿಜಸ್ಥಿತಿಯನ್ನು ತೋರಿಸಲಾರದೆಂದು ಬರೆದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ಎಂಬವನಾದರೋ ಲೆಕ್ಕದೊಡನೆ ವಿವರಗಳನ್ನೂ ಕೂಡಿಸಿ 1823ರ ಆಗಸ್ಟಿನಲ್ಲಿ ಒಂದು ದೀರ್ಘವಾದ ವರದಿಯನ್ನು ಕಳುಹಿಸಿದನು. ಅಂದಿನ ಬಳ್ಳಾರಿಯಲ್ಲಿ ಅನಂತಪುರದ ಸೀಮೆಯೂ ಸೇರಿದ್ದಿತು. ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷು ಮತ್ತು ಸಂಸ್ಕೃತಾದಿ ಶಾಸ್ತ್ರಗಳವು.

ಈ ವರದಿಯನ್ನು ಓದಿದವರಿಗೆ ಮೊದಲು ತೋರುವ ಸಂಗತಿಯೆಂದರೆ, ಮಗುವು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬರುತ್ತಿದ್ದಿತೆಂಬುದು. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಐಗಳನ್ನೂ ಮಠದ ಮಕ್ಕಳೆಲ್ಲರನ್ನೂ ಮನೆಗೆ ಕರೆಯುವರು. ಗಣಪತಿಯ ಸುತ್ತಲೂ ಎಲ್ಲರೂ ಕುಳಿತುಕೊಳ್ಳುವರು; ಮಗುವನ್ನು ದೇವರಿಗೆ ಎದುರಾಗಿ ಕೂರಿಸುವರು. ಧೂಪ ನೈವೇದ್ಯಗಳಾದ ಮೇಲೆ ಐಗಳು ಮಗುವಿನಿಂದ ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವರು. ಶಕ್ತ್ಯನುಸಾರವಾಗಿ ಐಗಳಿಗೆ ಕಾಣಿಕೆ ಸಲ್ಲುವುದು. ಮರುದಿನ ಬೆಳಗಾದರೆ ಮಗುವಿಗೆ ಪಾಠ ಪ್ರಾರಂಭ. ಗುರುವಿನ ಮುಖವನ್ನೂ ಜೊತೆಯವರ ಮುಖಗಳನ್ನೂ ತಾಯಿಯು ತನ್ನ ನಡುಮನೆಯಲ್ಲಿ ನೋಡಿದಮೇಲೆಯೇ ಮಗುವನ್ನು ಕಳುಹಿಸುತ್ತಿದ್ದಳೆಂಬುದು ಸಾಮಾನ್ಯವಾದ ಮಾತಲ್ಲ.

ದಿನದಿನದ ವರ್ತಮಾನವೂ ಮನೆಗೆ ಬರುತ್ತಿದ್ದಿತು. ಮಠವು ಬೆಳಿಗ್ಗೆ ಆರು ಘಂಟೆಗೆ ತೆರೆಯುವುದು. ಎಲ್ಲರಿಗಿಂತಲೂ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಏಟು ಬೆಳೆಯುತ್ತಿದ್ದಿತು. ಈ ಪದ್ಧತಿಯ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಹತ್ತನೆಯವನಾಗಿ ಬಂದ ಕೂಸಿನ ಪಾಡನ್ನು ನೆನೆದರೆ ಸಾಕು. ಆದರೂ ಅಂಗೈಯು ಒಂದು ಓಲೆಯಂತಿದ್ದಿತೆಂಬುದನ್ನು ಗಮನಿಸಬೇಕು. ಅಕ್ಷರವನ್ನು ಅರಿಯದ ತಾಯಿಯೂ ಬರೆಹಕ್ಕೂ ಸೊನ್ನೆಗೂ ಇರುವ ಭೇದವನ್ನು ಕಾಣಬಲ್ಲಳು; ಏಟಿನ ಗುರುತನ್ನು ಓದುವುದಕ್ಕಂತೂ ಯಾವ ವಿದ್ಯೆಯೂ ಬೇಡ.

ಕಣ್ಣಿಗೆ ಅಂಗೈಯಾದರೆ, ಕಿವಿಗೆ ಬಾಯಿಪಾಠ. ಮಠಗಳು ನಡೆಯುತ್ತಿದ್ದುದು ಜಗುಲಿಗಳಲ್ಲಿ, ಚಾವಡಿಗಳಲ್ಲಿ, ಗುಡಿಯ ಹಜಾರಗಳಲ್ಲಿ. ಮರಳಿನ ಮೇಲೆ ಬೆರಳಿನಿಂದಲೂ, ಇದ್ದಲಿನ ಪುಡಿ ಬಳಿದ ಹಲಗೆಯ ಮೇಲೆ ಮತ್ತು ಅಂಟು ಹಚ್ಚಿ ಮಡಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದಲೂ ಬರೆಯುತ್ತ, ಬರೆದುದನ್ನು ಗಟ್ಟಿಯಾಗಿ ಹೇಳುತ್ತ ಮಕ್ಕಳು ಕಲಿಯುತ್ತಿದ್ದರು. ಮುಂದಿನವರು ಹಿಂದಿನವರಿಗೆ ಹೇಳಿಕೊಡುವ ಕ್ರಮವನ್ನು ಕ್ಯಾಂಬೆಲನು ಬಹುವಾಗಿ ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವೇ ಎಂದಿದ್ದಾನೆ. ಮಗ್ಗಿಯ ದನಿಯು ಬೀದಿಗೆ ಕೇಳಿಸುತ್ತಿದ್ದಿತು. ತನ್ನ ಮಗನು ಎಲ್ಲಿ ತಡವರಿಸಿದನೆಂಬುದು ನೀರಿಗೆ ಹೋಗುವ ತಾಯಿಗೂ ಕೇಳಿಸುತ್ತಿದ್ದಿತು.

ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಈ ಲೆಕ್ಕವು ಬಹಿರಂಗವಾಗಿಯೇ ಒಪ್ಪಿಸಲ್ಪಡುತ್ತಿದ್ದಿತು. ಐಗಳು ತಮ್ಮ ಮಕ್ಕಳಿಗೆ ಚೌಪದಗಳನ್ನು ಕಲಿಸಿ, ಹಬ್ಬದ ಉಡುಗೆ ಉಡಿಸಿ, ಮನೆಯಿಂದ ಮನೆಗೆ ಕರೆದುಕೊಂಡು ಹೋಗಿ ಹಾಡಿಸುತ್ತಿದ್ದರು. ಮನೆಯವರು ಐಗಳಿಗೆ ಕಾಣಿಕೆಯನ್ನೂ ಮಕ್ಕಳಿಗೆ ತಿಂಡಿಯನ್ನೂ ಕೊಡುವರು. ಈ ಪದ್ಧತಿಯನ್ನು ಐಗಳ ಹೊಟ್ಟೆಪಾಡಿನ ಉಪಾಯವೆಂದು ಮಾತ್ರ ಎಣಿಸಿದವರುಂಟು. ಅದು ಅಷ್ಟೇ ಅಲ್ಲ. ಹೆತ್ತವರು, ಅಜ್ಜ ಅಜ್ಜಿಯರು, ನೆರೆಹೊರೆಯವರು ಎಲ್ಲರೂ ನೆರೆದಿರುವ ಅಂಗಳದಲ್ಲಿ ಹುಡುಗನ ಉಚ್ಚಾರಣೆ, ನೆನಪು, ನಡೆವಳಿಕೆ ಮೂರೂ ಒಂದೇ ಹೊತ್ತಿನಲ್ಲಿ ಪರೀಕ್ಷೆಗೆ ಒಳಗಾಗುತ್ತಿದ್ದುವು. ಹುಡುಗನೊಡನೆ ಐಗಳ ಪರೀಕ್ಷೆಯೂ ಆಗುತ್ತಿದ್ದಿತು. ಕಾಣಿಕೆಯ ತೂಕದಲ್ಲಿ ಅದರ ಫಲವು ಗೊತ್ತಾಗುತ್ತಿದ್ದಿತು.

ಹೀಗೆಂದು ಹಳೆಯ ಕಾಲವನ್ನೇ ಹೊಗಳಿ ಮುಗಿಸುವುದು ನ್ಯಾಯವಾಗಲಾರದು. ಕ್ಯಾಂಬೆಲನ ಲೆಕ್ಕದಂತೆ ಸಾವಿರ ಜನಕ್ಕೆ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಕೇರಿಗಳಿಗೆ ಮಹಾನವಮಿಯ ಮೆರವಣಿಗೆಯು ತಿರುಗುತ್ತಿರಲಿಲ್ಲ. ಇದ್ದವರಲ್ಲಿಯೂ ಓದಿನ ಅರ್ಥವು ಮಕ್ಕಳಿಗೆ ಆಗುತ್ತಿರಲಿಲ್ಲವೆಂದೂ, ಆಡುಮಾತಿಗೆ ದೂರವಾದ ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರೆಂದೂ ಅದೇ ವರದಿಯು ಹೇಳುತ್ತದೆ. ಮನೆಯವರು ಕೇಳಿ ಸಂತೋಷಪಟ್ಟುದು ಎಷ್ಟೋ ವೇಳೆ ನಾದವನ್ನು ಮಾತ್ರ. ಇಷ್ಟಾದರೂ ಉಳಿದಿದ್ದ ಮಠಗಳು ಅಂದೇ ಕ್ಷೀಣಿಸುತ್ತಿದ್ದುವು. ಹೊರದೇಶದ ಅರಿವೆಯಿಂದ ನೇಕಾರರ ಬದುಕು ಕೆಟ್ಟು, ಕೂಸುಗಳ ಎಳೆಯ ಕೈಗಳನ್ನೂ ದುಡಿತಕ್ಕೆ ಹಚ್ಚುವ ಗತಿ ಬಡವರಿಗೆ ಬಂದಿತ್ತೆಂದೂ, 533 ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ಸಹಾಯವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುವುದೆಂದೂ ಕ್ಯಾಂಬೆಲನು ಮುಚ್ಚುಮರೆಯಿಲ್ಲದೆ ಬರೆದನು.

ಸರ್ಕಾರವು ಮೂರು ದಶಕಗಳ ಮೇಲೆ ಎಚ್ಚತ್ತಿತು. 1854ರ ವಿದ್ಯಾಭ್ಯಾಸದ ರಾಜಪತ್ರದ ತರುವಾಯ ಆಧಿಪತ್ಯಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದುವು. ಮೈಸೂರಿನಲ್ಲಿ 1857ರಲ್ಲಿ ಇಲಾಖೆಯು ಏರ್ಪಟ್ಟಿತು. ಶಾಸನಗಳ ಸಂಶೋಧನೆಯಿಂದ ಕನ್ನಡಿಗರಿಗೆ ಚಿರಪರಿಚಿತರಾದ ಬಿ. ಎಲ್. ರೈಸರು 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಸಿದ್ಧಪಡಿಸಿದರು. ಅಚ್ಚಾದ ಪುಸ್ತಕ, ತರಬೇತಾದ ಉಪಾಧ್ಯಾಯ, ತರಗತಿಗಳ ವಿಭಾಗ, ಹಾಜರಿಯ ಪುಸ್ತಕ ಮೊದಲಾದುವು ಹಳ್ಳಿಗಳಿಗೆ ಬಂದುವು. ಮಠಗಳ ಬಾಗಿಲನ್ನೇ ಕಾಣದಿದ್ದ ಜನರ ಮಕ್ಕಳಿಗೂ ಕ್ರಮೇಣ ಶಾಲೆಯ ದಾರಿ ತೆರೆಯಿತು. ಇದು ಮಹತ್ತಾದ ಉಪಕಾರ.

ಆದರೆ ಶಾಲೆಯ ಮುಖವು ಆಗ ಬೇರೊಂದು ದಿಕ್ಕಿಗೆ ತಿರುಗಿತು. ಸಂಬಳವನ್ನು ಕೊಡುವವನೇ ಲೆಕ್ಕವನ್ನು ಕೇಳುವುದು ಲೋಕರೂಢಿ. ಮನೆಯವರ ಕಾಣಿಕೆಯಿಂದ ಬಾಳಿದ ಐಗಳು ಮನೆಗೆ ಲೆಕ್ಕವೊಪ್ಪಿಸಿದರು. ಇಲಾಖೆಯ ಸಂಬಳವನ್ನು ತೆಗೆದುಕೊಂಡ ಉಪಾಧ್ಯಾಯರು ಇಲಾಖೆಗೆ ಒಪ್ಪಿಸಿದರು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಬಂಧನೆಗಳ ಮಾದರಿಯಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಯಂತೆ ಶಾಲೆಗೆ ಹಣ ಕೊಡುವ ಫಲಾನುಸಾರ ಸಹಾಯಧನದ ಕ್ರಮವು ಮದರಾಸು ಆಧಿಪತ್ಯದಲ್ಲಿಯೂ ನೆಲೆಗೊಂಡಿತು. ಮಗುವಿನ ಓದನ್ನು ಕೇಳುವವರು ಈಗ ತಂದೆತಾಯಿಗಳಲ್ಲ, ಇನ್‌ಸ್ಪೆಕ್ಟರರು. ಅವರು ಬರುವ ದಿನಕ್ಕಾಗಿ ಶಾಲೆಗೆ ಸುಣ್ಣ ಬಳಿಯುವುದು, ಮಕ್ಕಳಿಗೆ ಉತ್ತರಗಳನ್ನು ಉರುಹಚ್ಚಿಸುವುದು ರೂಢಿಗೆ ಬಂದುವು. ಗಿಳಿಪಾಠವು ಹಾಗೆಯೇ ಉಳಿಯಿತು. ಅದನ್ನು ಕೇಳುವ ಕಿವಿ ಮಾತ್ರ ಬದಲಾಯಿತು. ಈ ಪದ್ಧತಿಯ ದೋಷವನ್ನು ಭಾರತ ಸರ್ಕಾರವು 1904ರ ವಿದ್ಯಾನೀತಿಯ ನಿರ್ಣಯದಲ್ಲಿ ತಾನೇ ಒಪ್ಪಿಕೊಂಡಿತು.

ಮೈಸೂರಿನಲ್ಲಿ 1913ರಲ್ಲಿ ಪ್ರಾರಂಭ ವಿದ್ಯಾಭ್ಯಾಸದ ಕಾನೂನು ಹೊರಟು, ಆಯ್ದ ಸ್ಥಳಗಳಲ್ಲಿ ಶಾಲೆಗೆ ಕಳುಹಿಸುವುದು ಕಡ್ಡಾಯವಾಯಿತು. ಕಡ್ಡಾಯವೆಂಬ ಮಾತಿನಲ್ಲಿಯೇ ಹೆತ್ತವರು ಹೊಣೆಗಾರರೆಂಬ ಭಾವವು ಅಡಗಿದೆ. ಸರ್ಕಾರದಿಂದ ಮನೆಗೆ ಬರುವ ಕಾಗದವು ಮಗುವಿನ ಏಳಿಗೆಯ ವಿಷಯವಾಗಿರದೆ, ಅದರ ಗೈರುಹಾಜರಿಯ ವಿಷಯವಾಗಿದ್ದರೆ, ಅಂತಹ ಕಾಗದವನ್ನು ಕಂಡು ಯಾವ ಮನೆಯವರೂ ಹಿಗ್ಗಲಾರರು. ಅನಂತರದಲ್ಲಿ ಅಂಕಗಳನ್ನು ಬರೆದು ಪೋಷಕರ ರುಜುವಿಗೆ ಕಳುಹಿಸುವ ಪ್ರಗತಿಪತ್ರಗಳೂ ಬಳಕೆಗೆ ಬಂದುವು. ಪತ್ರವೇನೋ ಒಳ್ಳೆಯದೇ. ಆದರೆ 1951ರ ಜನಗಣತಿಯಂತೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ, ಹೆಂಗಸರಲ್ಲಿ 9 ಮಂದಿಯೂ ಇಲ್ಲ. ಅಂಗೈಯ ಸೊನ್ನೆಯನ್ನು ಓದಬಲ್ಲವಳಾಗಿದ್ದ ತಾಯಿಯು ಪತ್ರದ ಸೊನ್ನೆಯನ್ನು ಓದಲಾರದೆ ಹೆಬ್ಬೆಟ್ಟನ್ನು ಒತ್ತಿ ಹಿಂದಿರುಗಿಸಿದಳು. ಸಮಾಚಾರವು ಮನೆಯವರೆಗೆ ಹೋಯಿತು, ಮನೆಯವರಿಗೆ ಮುಟ್ಟಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿವೆ. ಡಾಕ್ಟರ್ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕ ಸರ್ಕಾರವು 2001ರಲ್ಲಿ ಊರೂರಿನ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇನ್ನೂ ಮುಂದಕ್ಕೆ ಹೋಯಿತು. ಅದರ 21ನೆಯ ಪ್ರಕರಣದಂತೆ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರೇ ಇರತಕ್ಕದ್ದು; ಸದಸ್ಯರಲ್ಲಿ ಅರ್ಧ ಮಂದಿ ಸ್ತ್ರೀಯರಾಗಿರತಕ್ಕದ್ದು. 24ನೆಯ ಪ್ರಕರಣವಂತೂ, ಪೋಷಕರ ಸಭೆಯನ್ನು ಕಾಲಕಾಲಕ್ಕೆ ಕೂಡಿಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವುಗಳನ್ನು ತಿಳಿಸುವುದನ್ನು ಉಪಾಧ್ಯಾಯರ ಕರ್ತವ್ಯಗಳಲ್ಲಿ ಒಂದನ್ನಾಗಿ ಎಣಿಸಿದೆ. ಐಗಳು ಹೊಟ್ಟೆಪಾಡಿಗಾಗಿಯೂ ಸಂಪ್ರದಾಯಕ್ಕಾಗಿಯೂ ಮಾಡಿದುದು ಈಗ ಶಾಸನಬದ್ಧವಾದ ಧರ್ಮವಾಗಿದೆ. ಕರ್ನಾಟಕದ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮವು, ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕಲಿಕೆಯನ್ನು ಅವರ ಮುಂದೆ ಇಡುವ ಉದ್ದೇಶದಿಂದಲೇ ಹುಟ್ಟಿದುದು.

ಇನ್ನೊಂದು ಸಂಗತಿಯನ್ನು ಇಲ್ಲಿ ಸ್ಮರಿಸಬೇಕು. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ, ಕರ್ನಾಟಕದ ವಿದ್ಯಾ ಇಲಾಖೆಯು ಆಗಸ್ಟಿನಲ್ಲಿ ವಿದ್ಯಾಗಮವೆಂಬ ಕ್ರಮವನ್ನು ಪ್ರಾರಂಭಿಸಿತು. ಉಪಾಧ್ಯಾಯರು ಕೇರಿಕೇರಿಗೆ ಹೋಗಿ ಗುಡಿಯ ಅಂಗಳ, ಮರದ ನೆರಳು, ಜಗುಲಿಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಜನರು ಅದನ್ನು ವಠಾರ ಶಾಲೆಯೆಂದು ಕರೆದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ತಡೆಯಬೇಕಾಯಿತು. ಅಲ್ಪಕಾಲವೇ ಆದರೂ, ಮುಚ್ಚಿದ ಗೋಡೆಗಳ ಒಳಗೆ ನಡೆಯುತ್ತಿದ್ದ ಪಾಠವು ಹೆತ್ತವರ ಕಣ್ಣುಕಿವಿಗಳಿಗೆ ಎಟುಕಿತು. ಮಠವು ತಿರುಗದಿದ್ದ ಕೇರಿಗಳಲ್ಲಿಯೂ ಈ ಬಾರಿ ಪಾಠವು ನಡೆಯಿತೆಂಬುದು ಮುಖ್ಯ.

ಈ ಎರಡು ನೂರು ವರ್ಷಗಳ ವೃತ್ತಾಂತದಿಂದ ತಿಳಿಯಬೇಕಾದುದು ಇಷ್ಟು. ಹಿಂದಿನ ಮಠವು ಕೆಲವೇ ಮನೆಗಳಿಗೆ ಸೇರಿದುದಾದರೂ ಆ ಮನೆಗಳಿಗೆ ಅರ್ಥವಾಗುವ ಭಾಷೆಯಲ್ಲಿ ಲೆಕ್ಕವೊಪ್ಪಿಸಿತು. ಮುಂದಿನ ಶಾಲೆಯು ಎಲ್ಲ ಮನೆಗಳನ್ನೂ ಮುಟ್ಟಲು ಹೊರಟಿತು, ಆದರೆ ಲೆಕ್ಕವನ್ನು ಕಚೇರಿಯ ಭಾಷೆಯಲ್ಲಿ ಬರೆಯಿತು. 2011ರ ಜನಗಣತಿಯ ಕಾಲಕ್ಕೂ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 32 ಮಂದಿ ಅಕ್ಷರವನ್ನು ಅರಿಯದವರಾಗಿದ್ದರು. ಅಂಥವಳೊಬ್ಬಳು ಶಾಲೆಯ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಾಗ, ಅವಳ ಮುಂದೆ ಅಂಕಗಳ ಪಟ್ಟಿಯನ್ನು ಓದಿ ಹೇಳಿದರೆ ಕಾಯಿದೆಯ ಅಕ್ಷರವು ಸಂದಿತು. ಅವಳ ಮಗಳನ್ನು ಕರೆದು ಒಂದು ಪಾಠವನ್ನು ಓದಿಸಿ, ಒಂದು ಲೆಕ್ಕವನ್ನು ಮಾಡಿಸಿ, ಈ ಮಗುವು ಇದನ್ನು ಬಲ್ಲದು, ಇದನ್ನು ಇನ್ನೂ ಕಲಿಯಬೇಕು ಎಂದು ತಾಯಿಯ ಮಾತಿನಲ್ಲಿ ಹೇಳಿದರೆ ಕಾಯಿದೆಯ ಅರ್ಥವು ಸಂದಿತು. ಇದಕ್ಕೆ ಹಣ ಬೇಡ, ಹೊಸ ಆಜ್ಞೆಯೂ ಬೇಡ. ಉಪಾಧ್ಯಾಯನಿಗೆ ಅರ್ಧ ಘಳಿಗೆಯ ತಾಳ್ಮೆಯೂ, ತಾನು ಲೆಕ್ಕವೊಪ್ಪಿಸಬೇಕಾದುದು ಮೊದಲು ಈ ತಾಯಿಗೆ ಎಂಬ ಅರಿವೂ ಇದ್ದರೆ ಸಾಕು.