ಟೆಕ್ಸ್ಚರ್ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್‌ಗಳಲ್ಲಿ ಫೈಲ್ ಹೆಸರಿನ ದೋಷಗಳು

ಮೂರು ಆಯಾಮದ ಮಾದರಿಯ ಮೈಗೆ ಹೊದಿಸುವ ಚಿತ್ರವೇ ಟೆಕ್ಸ್ಚರ್. ಬಣ್ಣಕ್ಕೊಂದು, ಒರಟುತನಕ್ಕೊಂದು, ಉಬ್ಬುತಗ್ಗಿಗೊಂದು ಎಂದು ಒಂದೇ ಗೋಡೆಗೆ ಹಲವು ಚಿತ್ರಗಳು ಬೇಕಾಗುತ್ತವೆ. ಇವನ್ನೆಲ್ಲ ಒಮ್ಮೆಗೇ ಡಿಸ್ಕ್‌ಗೆ ಬರೆಯುವ ಕೆಲಸವನ್ನು ಚಿಕ್ಕದೊಂದು ಪೈಥಾನ್ ಸ್ಕ್ರಿಪ್ಟ್‌ಗೆ ವಹಿಸುವುದುಂಟು. ಅದು ಎಡವುವ ಮುಖ್ಯ ಜಾಗ ಹೆಸರು.

ಇಂಥ ಮಾದರಿಗಳನ್ನು ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ‘ಬ್ರಿಕ್’ ಎಂಬ ಚಿತ್ರ ಆಗಲೇ ಇದ್ದು ಅದೇ ಹೆಸರಿನ ಇನ್ನೊಂದನ್ನು ಸೃಷ್ಟಿಸಿದರೆ, ಹೊಸದು ತಾನಾಗಿ ‘ಬ್ರಿಕ್.001’ ಆಗುತ್ತದೆ. ಹಳೆಯ ಎಕ್ಸ್‌ಟೆನ್ಶನ್ ಕಿತ್ತು ಪಿಎನ್‌ಜಿ ಅಂಟಿಸಲು ಸ್ಕ್ರಿಪ್ಟ್ ಪೈಥಾನ್‌ನ ‘ಸ್ಪ್ಲಿಟ್‌ಎಕ್ಸ್ಟ್’ ಅನ್ನು ಬಳಸಿತೆನ್ನಿ. ಆ ಫಂಕ್ಷನ್‌ಗೆ ಕೊನೆಯ ಚುಕ್ಕಿಯಿಂದ ಮುಂದಿನದೆಲ್ಲ ಎಕ್ಸ್‌ಟೆನ್ಶನ್ನೇ. ‘.001’ ಉದುರಿ ಎರಡೂ ಚಿತ್ರಗಳು ‘ಬ್ರಿಕ್.ಪಿಎನ್‌ಜಿ’ ಆಗುತ್ತವೆ; ಆಮೇಲೆ ಬಂದದ್ದು ಮೊದಲಿನದರ ಮೇಲೆಯೇ ಬರೆದುಕೊಳ್ಳುತ್ತದೆ. ಎಚ್ಚರಿಕೆಯ ಒಂದು ಸಾಲೂ ಕಾಣಿಸುವುದಿಲ್ಲ. ಕಲಾವಿದರ ದುಡಿಮೆಯನ್ನು ಹೀಗೆ ಸದ್ದಿಲ್ಲದೆ ನುಂಗುವ ದೋಷ, ಸ್ಕ್ರಿಪ್ಟ್ ಅರ್ಧಕ್ಕೇ ನಿಂತುಹೋಗುವುದಕ್ಕಿಂತ ಎಷ್ಟೋ ಕೆಟ್ಟದ್ದು.

ಹಾಗೆಂದು ಹೆಸರಿನ ಕೊನೆಯ ಅಂಕಿಗಳನ್ನು ಬೇಕೆಂದೇ ಕತ್ತರಿಸುವುದೂ ಸರಿಯಲ್ಲ. ಟೆಕ್ಸ್ಚರನ್ನು ಟೈಲ್ ಎಂಬ ತುಂಡುಗಳಾಗಿ ಹಂಚುವ, ವೇಟಾ ಡಿಜಿಟಲ್ ಸಂಸ್ಥೆಯಲ್ಲಿ ರೂಪುಗೊಂಡ ಯುಡಿಮ್ ಪದ್ಧತಿಯಲ್ಲಿ ಟೈಲ್‌ಗಳ ಎಣಿಕೆ 1001ರಿಂದ ಶುರು. ಸಾಲಿಗೆ ಹತ್ತು ಟೈಲ್, ಎರಡನೆಯ ಸಾಲಿನ ಮೊದಲನೆಯದು 1011. ಅಲ್ಲಿ ಆ ಅಂಕಿ ಹೋದರೆ ಯಾವ ತುಂಡು ಎಲ್ಲಿಗೆ ಎಂಬುದೇ ತಿಳಿಯದು. ಪಿಎನ್‌ಜಿ, ಟಿಫ್, ಇಎಕ್ಸ್‌ಆರ್‌ನಂಥ ಗೊತ್ತಿರುವ ಎಕ್ಸ್‌ಟೆನ್ಶನ್‌ಗಳನ್ನಷ್ಟೇ ತೆಗೆದು, ಬ್ಲೆಂಡರ್ ಸೇರಿಸಿದ ಚುಕ್ಕಿಯನ್ನು ಅಂಡರ್‌ಸ್ಕೋರ್ ಆಗಿಸುವುದು ಸುರಕ್ಷಿತ.

ಆಪರೇಟಿಂಗ್ ಸಿಸ್ಟಮ್‌ಗಳಿಗೂ ತಮ್ಮದೇ ನಿಯಮಗಳಿವೆ. ವಿಂಡೋಸ್ ಫೈಲ್ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆಗಳನ್ನು ಒಪ್ಪುವುದಿಲ್ಲ. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರಗಳಲ್ಲಷ್ಟೇ ಬೇರೆಯಾದ ಎರಡು ಹೆಸರುಗಳು ಲಿನಕ್ಸ್‌ನಲ್ಲಿ ಎರಡು ಫೈಲ್. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದೇ.

ಕನ್ನಡದಲ್ಲಿ ಹೆಸರಿಡುವವರು ಇನ್ನೂ ಒಂದನ್ನು ಗಮನಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಒತ್ತಕ್ಷರ, ಗುಣಿತದ ಚಿಹ್ನೆಗಳಿಗೂ ಪ್ರತ್ಯೇಕ ಲೆಕ್ಕ. ಬ್ಲೆಂಡರ್ 4 ಸರಣಿಯಲ್ಲಿ ಹೆಸರಿನ ಮಿತಿ 63 ಬೈಟ್, ಅಂದರೆ ಬರೀ 21 ಸಂಕೇತ. ‘ಕೊ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆದ್ದರಿಂದ ಹೋಲಿಸುವ ಮುನ್ನ ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತರಬೇಕು.

ದುರಸ್ತಿಯ ತಿರುಳು ಕ್ರಮದಲ್ಲಿದೆ. ಯಾವುದೇ ಚಿತ್ರವನ್ನು ಬರೆಯುವ ಮೊದಲೇ ಹಳೆಯ ಮತ್ತು ಹೊಸ ಹೆಸರುಗಳ ಪೂರ್ತಿ ಪಟ್ಟಿ ತಯಾರಾಗಬೇಕು. ‘ಬ್ರಿಕ್_001’ ಮೊದಲೇ ಇದ್ದಿರಬಹುದು. ಅಂಥ ಘರ್ಷಣೆ ಕಂಡರೆ ಸ್ಕ್ರಿಪ್ಟ್ ಅಲ್ಲೇ ನಿಂತು ಎರಡೂ ಹೆಸರನ್ನು ತೋರಿಸಬೇಕು. ಮೆಟೀರಿಯಲ್‌ಗಳ ಕೊಂಡಿಗಳನ್ನೂ ಇದೇ ಪಟ್ಟಿಯಿಂದ ಬರೆದರೆ ಚಿತ್ರವೂ ಅದನ್ನು ಹುಡುಕುವ ವಿಳಾಸವೂ ಹೊಂದಿಕೊಳ್ಳುತ್ತವೆ.