ಎಲ್ಲೆ ಮತ್ತು ಎದುರಾಳಿ: ನೆರೆಯ ವಿಶ್ವವಿದ್ಯಾನಿಲಯಗಳ ಕ್ರೀಡಾಸ್ಪರ್ಧೆಯನ್ನು ಕುರಿತು

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಸ್ಥಾಪನೆಯ ಶಾಸನ, ಕಟ್ಟಡಗಳು, ಕುಲಪತಿಗಳ ಪರಂಪರೆ, ಪರೀಕ್ಷೆಗಳ ಅಂಕಿಅಂಶ ಇವುಗಳ ಕಡೆಗೆ ಗಮನವೀಯುತ್ತಾರೆ. ಆಟದ ಬಯಲು ಅವರ ದೃಷ್ಟಿಗೆ ಬೀಳುವುದು ವಿರಳ. ಆದರೆ ಒಂದು ವಿದ್ಯಾಸಂಸ್ಥೆಯು ಯಾರನ್ನು ತನಗೆ ಸರಿಸಮಾನನಾದ ಎದುರಾಳಿಯೆಂದು ಬಗೆಯುತ್ತದೆ ಎಂಬುದರಿಂದ ಅದರ ಸ್ವರೂಪವು ಎಷ್ಟೋ ವಿಶದವಾಗುತ್ತದೆ. ನೆರೆಯ ಎರಡು ವಿಶ್ವವಿದ್ಯಾನಿಲಯಗಳ ನಡುವೆ ದೀರ್ಘಕಾಲ ಬಾಳುವ ಕ್ರೀಡಾಸ್ಪರ್ಧೆ ಹೇಗೆ ಬೆಳೆಯುತ್ತದೆ, ಎಲ್ಲಿ ಬೆಳೆಯದೆ ಹೋಗುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಎರಡು ನಿದರ್ಶನಗಳಿಂದ ಪರಿಶೀಲಿಸಲು ಯತ್ನಿಸಿದ್ದೇವೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ಭೀಮಾತೀರದ್ದು.

ಮೊದಲನೆಯದು ಲಕ್ರಾಸ್ ಎಂಬ ಆಟಕ್ಕೆ ಸಂಬಂಧಿಸಿದುದು. ತುದಿಯಲ್ಲಿ ಜಾಳಿಗೆಯುಳ್ಳ ಕೋಲಿನಿಂದ ಚೆಂಡನ್ನು ಹಿಡಿದು, ಒಯ್ದು, ಎಸೆದು ಎದುರಾಳಿಯ ಗೋಲಿಗೆ ತಲುಪಿಸುವ ಈ ಆಟವು ಉತ್ತರ ಅಮೆರಿಕದ ಮೂಲನಿವಾಸಿಗಳದು. 1860ರ ದಶಕದಲ್ಲಿ ಮಾಂಟ್ರಿಯಲ್ ನಗರದ ದಂತವೈದ್ಯ ಜಾರ್ಜ್ ಬಿಯರ್ಸನು ಇದಕ್ಕೆ ಲಿಖಿತ ನಿಯಮಗಳನ್ನು ರೂಪಿಸಿದನು. ಅನಂತರ ಅದು ಕಾಲೇಜುಗಳನ್ನು ಪ್ರವೇಶಿಸಿತು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ 1883ರಲ್ಲಿ ತಂಡ ಕಟ್ಟಿದರು. ಅಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಕಾಲೇಜ್ ಪಾರ್ಕ್ ಎಂಬಲ್ಲಿದ್ದ ಕೃಷಿ ಕಾಲೇಜು, ಅಂದರೆ ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವಾಗಿ ಬೆಳೆದ ಸಂಸ್ಥೆ, 1895ರಲ್ಲಿ ಹಾಪ್‌ಕಿನ್ಸ್ ತಂಡವನ್ನು ಮೊದಲ ಬಾರಿಗೆ ಎದುರಿಸಿತು. ನಡುವೆ ಕೆಲವು ವರ್ಷಗಳು ತಪ್ಪಿದರೂ ಅಂದು ಆರಂಭವಾದ ಸ್ಪರ್ಧೆ ನೂರಕ್ಕೂ ಹೆಚ್ಚು ಪಂದ್ಯಗಳಿಗೆ ಬೆಳೆದಿದೆ.

ಈ ಎರಡು ಸಂಸ್ಥೆಗಳ ಪ್ರಕೃತಿ ಒಂದೇ ಅಲ್ಲ. ಹಾಪ್‌ಕಿನ್ಸ್ 1876ರಲ್ಲಿ ಖಾಸಗಿ ದತ್ತಿಯಿಂದ ಹುಟ್ಟಿ ಸಂಶೋಧನೆಗೆ ಹೆಸರಾದುದು. ಮೇರಿಲ್ಯಾಂಡ್ ಆ ರಾಜ್ಯದ ಸಾರ್ವಜನಿಕ ಸಂಸ್ಥೆ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಲಕ್ರಾಸ್ ಪ್ರದರ್ಶನದ ಆಟವಾಗಿದ್ದಾಗ, ಆಯ್ಕೆಯ ಪಂದ್ಯಗಳಲ್ಲಿ ಮೇರಿಲ್ಯಾಂಡನ್ನು ಸೋಲಿಸಿ ಹಾಪ್‌ಕಿನ್ಸ್ ತಂಡವೇ ಅಮೆರಿಕವನ್ನು ಪ್ರತಿನಿಧಿಸಿತು. 1973ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯದಲ್ಲಿ ಮೇರಿಲ್ಯಾಂಡ್ 10-9ರಿಂದ ಹಾಪ್‌ಕಿನ್ಸನ್ನು ಸೋಲಿಸಿತು. ಚರಿತ್ರೆಯ ವಿದ್ಯಾರ್ಥಿಗೆ ಈ ಜಯಾಪಜಯಗಳಿಗಿಂತ ಮುಖ್ಯವಾದ ಸಂಗತಿ ಬೇರೊಂದುಂಟು. 1953ರಿಂದ 2014ರವರೆಗೆ ಮೇರಿಲ್ಯಾಂಡ್ ಅಟ್ಲಾಂಟಿಕ್ ತೀರದ ಒಂದು ಕ್ರೀಡಾಕೂಟಕ್ಕೆ ಸೇರಿತ್ತು. ಹಾಪ್‌ಕಿನ್ಸಿನ ಲಕ್ರಾಸ್ ತಂಡ ಯಾವ ಕೂಟಕ್ಕೂ ಸೇರದೆ ಸ್ವತಂತ್ರವಾಗಿತ್ತು. ಅವರು ಪರಸ್ಪರ ಆಡಲೇಬೇಕೆಂಬ ನಿರ್ಬಂಧವನ್ನು ಯಾವ ಮಂಡಲಿಯೂ ವಿಧಿಸಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಕೂಡಿ ಆಡಿದರು. 2015ರ ಋತುವಿನಿಂದ ಎರಡೂ ತಂಡಗಳು ಬಿಗ್ ಟೆನ್ ಎಂಬ ಒಂದೇ ಕೂಟದಲ್ಲಿ ಆಡತೊಡಗಿದವು. ಕೂಟದ ಎಲ್ಲೆಗಳು ಬದಲಾದವು. ವಾರ್ಷಿಕ ಪಂದ್ಯ ಉಳಿಯಿತು. ಸ್ಪರ್ಧೆಯನ್ನು ಬಾಳಿಸಿದುದು ಉಭಯ ಸಂಸ್ಥೆಗಳು ಒಪ್ಪಿಕೊಂಡ ಒಂದು ದಿನಾಂಕ ಮಾತ್ರ ಎಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿರುವ ಚಡಚಣವನ್ನು ಭೂಪಟದಲ್ಲಿ ನೋಡಿದರೆ, ಅದಕ್ಕೆ ತನ್ನ ಜಿಲ್ಲೆಯ ಮುಖ್ಯಸ್ಥಳವಾದ ವಿಜಾಪುರಕ್ಕಿಂತ ಭೀಮೆಯಾಚೆಯ ಸೊಲ್ಲಾಪುರವೇ ಹತ್ತಿರವೆಂಬುದು ಕಾಣುತ್ತದೆ. ಸೊಲ್ಲಾಪುರವು ಶರಣ ಸಿದ್ಧರಾಮನ ಸೊನ್ನಲಿಗೆ. ಅಲ್ಲಿಯ ಸಂಕ್ರಾಂತಿಯ ಜಾತ್ರೆ ನದಿಯ ಈ ದಡದವರಿಗೂ ತಮ್ಮದೇ. ಹುತೂತು ಎಂದು ಹಿರಿಯರು ಕರೆಯುತ್ತಿದ್ದ ಕಬಡ್ಡಿ, ಖೋ ಖೋ, ಗರಡಿಯ ಕುಸ್ತಿ ಇವು ಎರಡೂ ದಡಗಳಿಗೆ ಸಮಾನವಾದ ಸೊತ್ತು. ಹಾಪ್‌ಕಿನ್ಸ್ ಮತ್ತು ಮೇರಿಲ್ಯಾಂಡಿಗೆ ಇದ್ದ ಸಾಮೀಪ್ಯವೂ ಮಣ್ಣಿನ ಆಟವೂ ಇಲ್ಲಿ ಇದ್ದವು. ಆದರೂ ಅಂಥ ಸ್ಪರ್ಧೆ ಇಲ್ಲಿ ಬೇರೂರಲಿಲ್ಲ. ಇದಕ್ಕೆ ಕಾರಣವನ್ನು ವಿಶ್ವವಿದ್ಯಾನಿಲಯಗಳ ವ್ಯಾಪ್ತಿಯ ಎಲ್ಲೆಗಳಲ್ಲಿ ಹುಡುಕಬೇಕು.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಅಂದಿನ ವಿಜಾಪುರ, ಸೊಲ್ಲಾಪುರ ಜಿಲ್ಲೆಗಳೆರಡೂ ಇದ್ದವು. ಸೊಲ್ಲಾಪುರದಲ್ಲಿ ದಯಾನಂದ ಕಾಲೇಜು 1940ರಲ್ಲಿಯೂ ವಿಜಾಪುರದಲ್ಲಿ ವಿಜಯ ಕಾಲೇಜು 1945ರಲ್ಲಿಯೂ ಆರಂಭವಾದವು. ಆದುದರಿಂದ ಒಂದೇ ವಿಶ್ವವಿದ್ಯಾನಿಲಯದ ಛತ್ರದಡಿಯಲ್ಲಿ ಇವು ಕೂಡಿದ್ದುದು ಕೇವಲ ನಾಲ್ಕು ವರ್ಷ. 1949ರಲ್ಲಿ ಪುಣೆಯ ವಿಶ್ವವಿದ್ಯಾನಿಲಯವೂ ಕರ್ನಾಟಕ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಎರಡನೆಯದು ಮೊದಲು ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ ಮರುವರ್ಷ ಧಾರವಾಡಕ್ಕೆ ಬಂದಿತು. ಸೊಲ್ಲಾಪುರ ಪುಣೆಯ ಪಾಲಾಯಿತು; ವಿಜಾಪುರ ಧಾರವಾಡದ ಪಾಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ರಾಜ್ಯದ ಗಡಿಗಿಂತ ಏಳು ವರ್ಷ ಮೊದಲೇ ವಿಶ್ವವಿದ್ಯಾನಿಲಯದ ಗಡಿ ಭೀಮೆಯ ಪ್ರದೇಶದಲ್ಲಿ ಬಿದ್ದಿತ್ತೆಂದಾಯಿತು. ಭಾಷಾವಾರು ಪ್ರಾಂತರಚನೆಯ ಚರಿತ್ರೆಯನ್ನು 1956ರಿಂದ ಆರಂಭಿಸುವುದು ರೂಢಿ. ಕಾಲೇಜುಗಳ ಮಟ್ಟಿಗೆ ಅದು 1949ರಿಂದಲೇ ಆರಂಭವಾಗುತ್ತದೆ. ಅಕ್ಕಲಕೋಟೆ, ಜತ್ತ ಮೊದಲಾದ ಕಡೆಯ ಕನ್ನಡ ವಿದ್ಯಾರ್ಥಿಗಳು ಆಚೆಯ ಪಾಲಿಗೆ ಉಳಿದರು. ಮುಂದೆ 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಪರಿಶೀಲಿಸಿದ ಪ್ರದೇಶಗಳಲ್ಲಿ ಇವೂ ಸೇರಿದ್ದವು. ಆದರೆ ವಿಶ್ವವಿದ್ಯಾನಿಲಯಗಳು ಎಳೆದ ರೇಖೆಯ ವಿಚಾರಣೆಯನ್ನು ಯಾವ ಆಯೋಗವೂ ಮಾಡಲಿಲ್ಲ.

ಕಬಡ್ಡಿಯ ಕಾಲಾನುಕ್ರಮವನ್ನು ಇದರೊಡನೆ ಹೋಲಿಸಿದರೆ ಪರಿಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಆ ಆಟದ ನಿಯಮಗಳು 1923ರಲ್ಲಿ ಬರೋಡೆಯಲ್ಲಿ ಪ್ರಕಟವಾದವು. ಅಖಿಲ ಭಾರತ ಮಟ್ಟದ ಸಂಸ್ಥೆ 1950ರಲ್ಲಿ ರೂಪುಗೊಂಡಿತು. ವಿಶ್ವವಿದ್ಯಾನಿಲಯಗಳ ಕ್ರೀಡಾಮಂಡಲಿ ಅದನ್ನು ಅಂಗೀಕರಿಸಿದುದು 1961ರಲ್ಲಿ. ಉಭಯ ದಡಗಳ ಸಾಮಾನ್ಯವಾದ ಆಟವು ವಿಶ್ವವಿದ್ಯಾನಿಲಯದ ಅಂಗಣವನ್ನು ಪ್ರವೇಶಿಸುವ ವೇಳೆಗೆ ದಡಗಳು ಬೇರೆಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿ ಹನ್ನೆರಡು ವರ್ಷಗಳಾಗಿದ್ದವು.

ಬೇರೆಯಾದ ಮಾತ್ರಕ್ಕೆ ಸ್ಪರ್ಧೆ ಸಾಧ್ಯವಿಲ್ಲವೆನ್ನಲಾಗದು, ಬೇರೆಯಾದವರೇ ಎದುರಾಳಿಗಳಾಗಬಲ್ಲರು. ಆದರೆ ಅದಕ್ಕೆ ಎರಡು ಅಡ್ಡಿಗಳು ಬಂದವು. ಮೊದಲನೆಯದು ವಲಯಗಳ ವ್ಯವಸ್ಥೆ. ಅಂತರವಿಶ್ವವಿದ್ಯಾನಿಲಯ ಪಂದ್ಯಾವಳಿಗಳಲ್ಲಿ ಕರ್ನಾಟಕದ ವಿಶ್ವವಿದ್ಯಾನಿಲಯಗಳು ದಕ್ಷಿಣ ವಲಯಕ್ಕೂ ಮಹಾರಾಷ್ಟ್ರದವು ಪಶ್ಚಿಮ ವಲಯಕ್ಕೂ ಸೇರಿವೆ. ಚಡಚಣದ ಹುಡುಗನು ವಿಶ್ವವಿದ್ಯಾನಿಲಯದ ಕಬಡ್ಡಿ ತಂಡಕ್ಕೆ ಆಯ್ಕೆಯಾದರೆ ಕೇರಳದ ಅಥವಾ ತಮಿಳುನಾಡಿನ ತಂಡದೊಡನೆ ಸೆಣಸುವನು. ಸೊಲ್ಲಾಪುರದವನನ್ನು ಎದುರಿಸಬೇಕಾದರೆ ಇಬ್ಬರೂ ತಮ್ಮ ವಲಯಗಳಲ್ಲಿ ಗೆದ್ದು ಅಖಿಲ ಭಾರತ ಹಂತಕ್ಕೆ ಏರಬೇಕು.

ಎರಡನೆಯದು ಎಲ್ಲೆಗಳ ಅಸ್ಥಿರತೆ. ಸೊಲ್ಲಾಪುರವು 1962ರಲ್ಲಿ ಪುಣೆಯಿಂದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯಕ್ಕೆ ಹೋಯಿತು; 2004ರಲ್ಲಿ ತನ್ನದೇ ವಿಶ್ವವಿದ್ಯಾನಿಲಯವನ್ನು ಪಡೆಯಿತು. ಈಚೆಯ ದಡದಲ್ಲಿ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯ ಪ್ರತ್ಯೇಕವಾಯಿತು. ಅದುವರೆಗೆ ಇಂಡಿ, ಸಿಂದಗಿಯವರಿಗೆ ಸಹ ಆಟಗಾರರಾಗಿದ್ದ ಅಫಜಲಪುರ, ಆಳಂದದವರು ಎದುರಾಳಿಗಳಾದರು. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಒಂದೇ ಊರಿನ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯೂ ಸಹಶಿಕ್ಷಣ ಕಾಲೇಜಿನ ವಿದ್ಯಾರ್ಥಿನಿಯೂ ಬೇರೆಬೇರೆ ವಿಶ್ವವಿದ್ಯಾನಿಲಯಗಳ ತಂಡಗಳಿಗೆ ಸೇರುವಂತಾಯಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯ ಬಂದಾಗ ಆರು ದಶಕಗಳ ಧಾರವಾಡದ ನಂಟೂ ಕಳಚಿತು. ಒಂದು ಎದುರಾಳಿಯ ನೆನಪು ಬಲಿಯುವ ಮೊದಲೇ ಆ ಎದುರಾಳಿ ಬದಲಾಗುತ್ತಿದ್ದನು.

ಈ ವಿಭಜನೆಗಳು ಅನಗತ್ಯವಾಗಿದ್ದವೆಂದು ನಾವು ಹೇಳುವುದಿಲ್ಲ. ಪದವಿಯ ಪ್ರಮಾಣಪತ್ರಕ್ಕಾಗಿ ದೂರದೂರಿಗೆ ಅಲೆಯುತ್ತಿದ್ದ ಗಡಿಯ ವಿದ್ಯಾರ್ಥಿಗೆ ಅವುಗಳಿಂದ ಉಪಕಾರವೇ ಆಗಿದೆ. ಆದರೆ ಅವುಗಳ ಲೆಕ್ಕದಲ್ಲಿ ನಷ್ಟದ ಬಾಬನ್ನೂ ನಮೂದಿಸುವುದು ಚರಿತ್ರಕಾರನ ಕರ್ತವ್ಯ. ಗಡಿಯ ಪ್ರಶ್ನೆ ಕೆರಳಿದಾಗಲೆಲ್ಲ ನೆರೆಯವನು ವೃತ್ತಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಅವನೊಡನೆ ಅಂಗಣಕ್ಕಿಳಿದು, ಸೋತು, ಗೆದ್ದು, ಪಂದ್ಯದ ತರುವಾಯ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವನಿಗೆ ಆ ಶೀರ್ಷಿಕೆ ಬೇರೆ ರೀತಿಯಾಗಿ ಓದಿಸಿಕೊಳ್ಳುತ್ತದೆ. ಅಂಥ ಪಂದ್ಯವೇ ಕಲಹಕ್ಕೆ ಎಡೆಗೊಡಬಹುದೆಂದು ಕೆಲವರು ಶಂಕಿಸಬಹುದು. ಆಟದಲ್ಲಿನ ವಿರೋಧಕ್ಕೆ ನಿಯಮವೂ ಕಾಲಮಿತಿಯೂ ತೀರ್ಪುಗಾರನೂ ಉಂಟೆಂಬುದನ್ನು ಅವರು ನೆನೆಯಬೇಕು.

ಆದುದರಿಂದ ನಮ್ಮ ಅಧ್ಯಾಪಕ ಮಿತ್ರರಲ್ಲಿ ಎರಡು ಬಿನ್ನಹಗಳಿವೆ. ತಮ್ಮ ತಮ್ಮ ಕಾಲೇಜಿನ ಜಿಮಖಾನೆಯ ಹಳೆಯ ದಾಖಲೆ ಪುಸ್ತಕಗಳನ್ನೂ ವಾರ್ಷಿಕ ಸಂಚಿಕೆಗಳನ್ನೂ ತಂಡಗಳ ಛಾಯಾಚಿತ್ರಗಳನ್ನೂ ಗೆದ್ದಲಿನ ಪಾಲಾಗದಂತೆ ಕಾಪಾಡಿ, ಅವುಗಳನ್ನು ಚರಿತ್ರೆಯ ಆಕರಗಳೆಂದು ವಿದ್ಯಾರ್ಥಿಗಳಿಗೆ ತೋರಿಸುವುದು ಒಂದು. ವಲಯಗಳ ವ್ಯವಸ್ಥೆಯನ್ನು ಕಾಯದೆ, ಭೀಮೆಯ ಎರಡೂ ದಡದ ಕಾಲೇಜುಗಳು ಪರಸ್ಪರ ಒಪ್ಪಿ ವರ್ಷಕ್ಕೊಂದು ಸೌಹಾರ್ದದ ಕಬಡ್ಡಿ ಪಂದ್ಯವನ್ನು ಏರ್ಪಡಿಸುವುದು ಇನ್ನೊಂದು. ಮೊದಲ ವರ್ಷದ ಜಯ ಯಾವ ದಡಕ್ಕೆ ದೊರೆತರೂ ಚಿಂತೆಯಿಲ್ಲ. ಆಟಗಾರರು ಅಂಗಣ ಬಿಡುವ ಮುನ್ನ ಮರುವರ್ಷದ ದಿನಾಂಕ ನಿಶ್ಚಯವಾಗಿರಬೇಕು.