ಬೇರೆ ಕಚೇರಿಯ ಕಂಪ್ಯೂಟರಿನಲ್ಲಿ ನಿಮ್ಮ ಪಹಣಿ ಕಂಡರೆ, ಅವರು ಅದನ್ನು ತಿದ್ದಬಹುದೇ?

ಲಕ್ಷ್ಮೇಶ್ವರದ ರೈತರೊಬ್ಬರು ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೋಗಿದ್ದಾರೆ ಎಂದುಕೊಳ್ಳೋಣ. ಸರ್ವೆ ನಂಬರ್ ಹೇಳಿದ ಕೂಡಲೇ ಅವರ ಹೊಲದ ವಿವರ ಪರದೆಯ ಮೇಲೆ ಬರುತ್ತದೆ. "ನಮ್ಮ ದಾಖಲೆ ಇವರ ಕೈಗೂ ಹೋಯಿತಾ? ಹೆಸರು ಬದಲಿಸಿಬಿಟ್ಟರೆ?" ಎಂಬ ಭಯ ಸಹಜ. ಇಂಥ ಭಯ ವಾಟ್ಸಾಪ್ ಸಂದೇಶವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹಾಗಾದರೆ ಸತ್ಯವೇನು? ನೋಡೋಣ.

ದಾಖಲೆ ಇರುವುದೆಲ್ಲಿ?

ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದದ್ದು ಕಂದಾಯ ಇಲಾಖೆಯ 'ಭೂಮಿ' ಯೋಜನೆ. ಆಸ್ತಿ ನೋಂದಣಿ ಮಾಡುವ ಉಪನೋಂದಣಾಧಿಕಾರಿ ಕಚೇರಿಯ 'ಕಾವೇರಿ' ಬೇರೆಯೇ ವ್ಯವಸ್ಥೆ. ಇವೆರಡೂ ಮಾತಾಡಿಕೊಳ್ಳುತ್ತವೆ. ಕ್ರಯಪತ್ರ ನೋಂದಣಿಯಾದರೆ ಅದರ ಮಾಹಿತಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ. ಆದರೆ ಪಹಣಿಯಲ್ಲಿ ಹೆಸರು ಬದಲಾಗುವುದು ಕಂದಾಯ ಇಲಾಖೆಯ ಮ್ಯುಟೇಶನ್ ಮುಗಿದ ಮೇಲೆಯೇ.

ಕಿಟಕಿ ಮತ್ತು ಕೌಂಟರ್

ಒಂದು ಸರ್ವರ್‌ನ ಮಾಹಿತಿಯನ್ನು ಇನ್ನೊಂದು ಸರ್ವರ್‌ಗೆ ಕೊಡಲು ಎರಡು ಸಾಮಾನ್ಯ ದಾರಿಗಳಿವೆ.

ಮೊದಲನೆಯದು 'ವ್ಯೂ'. ಇದು ಕಿಟಕಿ ಇದ್ದಂತೆ. ಇಡೀ ಕೋಣೆ ತೆರೆಯುವುದಿಲ್ಲ, ಆಯ್ದ ಕಾಲಂಗಳು ಮಾತ್ರ ಕಾಣುತ್ತವೆ.

ಎರಡನೆಯದು 'ಫಂಕ್ಷನ್'. ಇದು ಕೌಂಟರ್ ಇದ್ದಂತೆ. ನಾವು ಪ್ರಶ್ನೆ ಕೊಡುತ್ತೇವೆ, ಲೆಕ್ಕ ಒಳಗೇ ನಡೆಯುತ್ತದೆ, ಉತ್ತರ ಮಾತ್ರ ಹೊರಗೆ ಬರುತ್ತದೆ. ಆಧಾರ್ ದೃಢೀಕರಣ ಇದೇ ರೀತಿಯದು. ಬೆರಳಚ್ಚು ಹೊಂದಿತೇ ಎಂದು ಕೇಳಿದರೆ 'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಬರುತ್ತದೆ.

ಎರಡರಲ್ಲೂ ಮೂಲ ದಾಖಲೆ ತನ್ನ ಸರ್ವರ್‌ನಲ್ಲೇ ಉಳಿಯುತ್ತದೆ.

ಹಾಗಾದರೆ ಭಯವೇ ಬೇಡವೇ?

ಕಿಟಕಿ ಇಟ್ಟ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಹೊರಗಿನ ಸರ್ವರ್ ಯಾವ ಲಾಗಿನ್‌ನಿಂದ ಒಳಬರುತ್ತದೆ, ಅದಕ್ಕೆ ಓದುವ ಅನುಮತಿ ಮಾತ್ರ ಇದೆಯೇ, ಬರೆಯುವ ಅನುಮತಿಯೂ ಇದೆಯೇ ಎಂಬುದೇ ಮುಖ್ಯ. ಬರೆಯುವ ಅನುಮತಿ ಕೊಟ್ಟರೆ ಕೆಲವು ವ್ಯೂಗಳ ಮೂಲಕವೂ ಮೂಲ ದಾಖಲೆ ತಿದ್ದಬಹುದು. ಅಂದರೆ ಅಪಾಯವಿರುವುದು ನೋಡುವವರಿಂದಲ್ಲ, ತಿದ್ದುವ ಅಧಿಕಾರವಿರುವ ಲಾಗಿನ್ ತಪ್ಪು ಕೈಗೆ ಸಿಕ್ಕಾಗ. ಪಹಣಿಯನ್ನಂತೂ ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಕೊಟ್ಟು ಯಾರು ಬೇಕಾದರೂ ನೋಡಬಹುದು.

ನೀವು ಮಾಡಬೇಕಾದ್ದು

ವರ್ಷಕ್ಕೆ ಒಂದೆರಡು ಸಲ ನಿಮ್ಮ ಪಹಣಿ ತೆರೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತು ಋಣದ ವಿವರ ಇರುತ್ತದೆ. ತೀರಿಸಿದ ಸಾಲ ಇನ್ನೂ ಉಳಿದಿದ್ದರೆ ಬ್ಯಾಂಕಿನಲ್ಲಿ ಕೇಳಿ. ಹೆಸರಿನಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ತಹಶೀಲ್ದಾರ್ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಡಿ. ಲಕ್ಷ್ಮೇಶ್ವರವೇ ಈಗ ತಾಲ್ಲೂಕು ಆಗಿರುವುದರಿಂದ ಇದಕ್ಕಾಗಿ ಮೊದಲಿನಂತೆ ಶಿರಹಟ್ಟಿಗೆ ಹೋಗಬೇಕಿಲ್ಲ.

"ಕಂಪ್ಯೂಟರಿನಲ್ಲಿ ಕಂಡರೆ ಜಮೀನು ಹೋಯಿತು" ಎಂಬ ಮಾತು ಸುಳ್ಳು. ಅದನ್ನು ಮುಂದೆ ಕಳಿಸುವ ಬದಲು, ಪಹಣಿ ನೋಡುವುದು ಹೇಗೆಂದು ಮನೆಯ ಹಿರಿಯರಿಗೆ ತೋರಿಸಿಕೊಡಿ.